‘ಮಾರು ಅಂತ ನಾನು ಯಾವತ್ತು ಅಂದೆ?’

ಆಯುಧಪೂಜೆಯ ದಿನ ಶುರುವಾದ ಜಗಳ ಇದು. ಮನೆ ಮುಂದೆ ಎರಡು ಗಾಡಿ ತೊಳೆದು ನಿಲ್ಲಿಸಿದ್ದರು. ಹೆಂಡತಿಯ ಕಾರಿಗೆ ಹಾರ ಬಿತ್ತು, ಚಕ್ರಕ್ಕೆ ನಿಂಬೆಹಣ್ಣೂ ಆಯಿತು. ಮಿನಿವ್ಯಾನಿಗೆ ಮಾತ್ರ ಗಂಡ ಒಂದೇ ಒಂದು ಹೂ ಸಿಕ್ಕಿಸಿ ಒಳಗೆ ಹೋದರು. "ಅದೇನು ಪಾಪ ಮಾಡಿದೆ?" ಅಂತ ಹೆಂಡತಿ ಕೇಳಿದ್ದೇ ತಪ್ಪಾಯಿತು. ಮೂರು ದಿನ ಮನೆಯಲ್ಲಿ ಮಾತಿಲ್ಲ. ನಾಲ್ಕನೇ ದಿನ ನನಗೆ ಫೋನ್ ಬಂತು.

ನಾನು ಟೆಕ್ಸಸ್‌ನಲ್ಲಿ ಆಪ್ತಸಲಹೆ ಕೊಡುವವಳು. ನನ್ನ ಹತ್ತಿರ ಬರುವ ಕನ್ನಡದವರಲ್ಲಿ ಹಲವರು ಹೇಳುವ ಕಾರಣ ಒಂದೇ: ಇಂಗ್ಲಿಷಿನಲ್ಲಿ ಸರಿಯಾಗಿ ಜಗಳ ಆಡೋಕೆ ಬರಲ್ಲ. ಈ ದಂಪತಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು, ಕೆಲಸ ಎಲ್ಲ ಬದಲಿಸಿದ್ದೇನೆ. ಗಂಡನನ್ನು ಮೋಹನ್ ಅನ್ನೋಣ. ಈ ಜಗಳದ ಹಿಂದೆ ಇರುವುದು ಅವರು ಹಿಂದೊಮ್ಮೆ ಮಾರಿದ ಒಂದು ಟ್ರಕ್ಕು. ಅದನ್ನು ಮಾತ್ರ ಬದಲಿಸಿಲ್ಲ. 1999ರಿಂದ 2004ರವರೆಗೆ ಆ ತಲೆಮಾರಿನ 28,124 ಗಾಡಿಗಳು ತಯಾರಾಗಿವೆ. ಅಷ್ಟರಲ್ಲಿ ಇವರ ಗುರುತು ಯಾರಿಗೂ ಸಿಗುವುದಿಲ್ಲ. ಈ ಲೆಕ್ಕ ಕೊಟ್ಟವರೂ ಮೋಹನ್ ಅವರೇ. ನಾನು ಕೇಳಿರಲಿಲ್ಲ.

ಗಾಡಿಯ ಹೆಸರು ಫೋರ್ಡ್ ಎಫ್-150 ಎಸ್‌ವಿಟಿ ಲೈಟ್ನಿಂಗ್. 2003ರ ಮಾದರಿ, ಕಪ್ಪು ಬಣ್ಣ. ನನಗೆ ಟ್ರಕ್ ಅಂದರೆ ಸಾಮಾನು ಸಾಗಿಸುವ ವಾಹನ ಅಷ್ಟೇ. ಇದು ಹಾಗಲ್ಲವಂತೆ. 5.4 ಲೀಟರಿನ ವಿ8 ಎಂಜಿನ್ನು, ಅದರ ಮೇಲೊಂದು ಸೂಪರ್‌ಚಾರ್ಜರ್. ಎಂಜಿನ್ನೇ ಬೆಲ್ಟಿನಿಂದ ತಿರುಗಿಸುವ ಆ ಪಂಪು ಹೆಚ್ಚಿನ ಗಾಳಿಯನ್ನು ಒಳಗೆ ತುರುಕುತ್ತದೆ. ಗಾಳಿ ಜಾಸ್ತಿಯಾದರೆ ಪೆಟ್ರೋಲೂ ಜಾಸ್ತಿ ಉರಿಯುತ್ತದೆ, ಶಕ್ತಿಯೂ ಜಾಸ್ತಿ. 380 ಅಶ್ವಶಕ್ತಿ, ಅದಷ್ಟೂ ಹಿಂದಿನ ಎರಡು ಚಕ್ರಕ್ಕೆ. ವೇಗ ಏರಿಸಿದಾಗ ಸೂಪರ್‌ಚಾರ್ಜರ್ ಕೀರಲು ದನಿಯಲ್ಲಿ ಹಾಡುತ್ತದೆ. ಮೋಹನ್ ಆ ಸದ್ದನ್ನು ಬಾಯಲ್ಲಿ ಮಾಡಿ ತೋರಿಸಿದರು. ನಲವತ್ತು ದಾಟಿದ ಮನುಷ್ಯ. ನನಗೆ ನಗು ಬರಲಿಲ್ಲ.

2012ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡಿದ್ದರು. 2019ರ ಚಳಿಗಾಲದಲ್ಲಿ ಕೊಟ್ಟರು. ಎರಡನೇ ಮಗು ಹುಟ್ಟುವುದರಲ್ಲಿತ್ತು, ಬಾಣಂತನಕ್ಕೆ ಅತ್ತೆ ಮಾವ ಬರುವವರಿದ್ದರು. ಲೈಟ್ನಿಂಗಿಗೆ ಇರುವುದು ಒಂದೇ ಸಾಲು ಸೀಟು. ಮಕ್ಕಳ ಸೀಟನ್ನು ಹಿಂದಿನ ಸಾಲಿನಲ್ಲಿ ಕಟ್ಟಬೇಕು, ಇದರಲ್ಲಿ ಹಿಂದೆ ಎಂಬುದೇ ಇಲ್ಲ. ಒಂದು ಶನಿವಾರ ಡೀಲರ್ ಹತ್ತಿರ ಹೋಗಿ, ಟ್ರಕ್ ಕೊಟ್ಟು, ಮೇಲೆ ದುಡ್ಡು ಹಾಕಿ ವ್ಯಾನ್ ತಂದರು. ಮುಕ್ಕಾಲು ಗಂಟೆಯ ಕೆಲಸ. ಟೆಕ್ಸಸ್‌ನಲ್ಲಿ ಗಾಡಿಯ ಮೇಲೆ 6.25 ಶೇಕಡಾ ತೆರಿಗೆ. ಹಳೆಯ ಗಾಡಿ ಕೊಟ್ಟರೆ ಅದರ ಬೆಲೆ ಕಳೆದು, ಉಳಿದದ್ದಕ್ಕೆ ಮಾತ್ರ ತೆರಿಗೆ ಹಾಕುತ್ತಾರೆ. ಟ್ರಕ್ಕಿಗೆ 12,000 ಡಾಲರ್ ಕಟ್ಟಿದ್ದರು. "ತೆರಿಗೆಯಲ್ಲಿ 750 ಡಾಲರ್ ಉಳೀತು ಅಂತ ಖುಷಿಯಾಗಿ ಮನೆಗೆ ಬಂದೆ ಮೇಡಂ. ಆ ರಾತ್ರಿ ನಿದ್ದೆ ಬರಲಿಲ್ಲ."

ಆಮೇಲೆ ಗಾಯಕ್ಕೆ ಉಪ್ಪು ಬೀಳುತ್ತಲೇ ಹೋಯಿತು. 2021ರಲ್ಲಿ ಚಿಪ್ ಸಿಗದೆ ಹೊಸ ಗಾಡಿಗಳು ಕಡಿಮೆಯಾದವು, ಹಳೆಯವುಗಳ ಬೆಲೆ ಏರಿತು. 2022ರಲ್ಲಿ ಅದೇ ಲೈಟ್ನಿಂಗ್ ಹೆಸರಿನ ಕರೆಂಟ್ ಟ್ರಕ್ ರಸ್ತೆಗೆ ಬಂತು. ಅದು ಸದ್ದಿಲ್ಲದೆ ಪಕ್ಕದಲ್ಲಿ ಹಾದುಹೋದಾಗಲೆಲ್ಲ ಹೊಟ್ಟೆಯಲ್ಲಿ ಏನೋ ಆಗುತ್ತದೆ ಅಂದರು. ರಾತ್ರಿ ಎಲ್ಲರೂ ಮಲಗಿದ ಮೇಲೆ ಫೋನಿನಲ್ಲಿ ತಮ್ಮ ಟ್ರಕ್ಕನ್ನೇ ಹುಡುಕುತ್ತಾರೆ. ಅದರ ವಿನ್ ನಂಬರ್, ಅಂದರೆ ಪ್ರತಿ ಗಾಡಿಗೂ ಇರುವ 17 ಅಕ್ಷರಗಳ ಗುರುತಿನ ಸಂಖ್ಯೆ, ಬಾಯಿಪಾಠ. "ಮಗನ ಟೀಚರ್ ಹೆಸರು ಗೊತ್ತಿಲ್ಲ, ಇದು ಗೊತ್ತು" ಅಂತ ಹೆಂಡತಿ ಚುಚ್ಚಿದರು.

ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳಲೇಬೇಕು. ಎರಡನೇ ಭೇಟಿಯಲ್ಲಿ ನಾನು ಬಾಲ್ಯದೊಳಗೆ ಕೈ ಹಾಕಿದೆ. ಊರಲ್ಲಿ ಸೋದರಮಾವನ ಕೊಬ್ಬರಿ ಲಾರಿ ಇತ್ತಂತೆ. ಸಿಕ್ಕಿತು ಬೇರು ಅಂತ ಹಿಗ್ಗಿದೆ. ಟ್ರಕ್ಕಿನ ಹಿಂದೆ ಮಾವ, ಮಾವನ ಹಿಂದೆ ಊರು, ಊರಿನ ಹಿಂದೆ ಕಳೆದುಹೋದ ಹುಡುಗ. ನಮ್ಮ ಕಸುಬಿನವರಿಗೆ ಇದೊಂದು ಚಪಲ. ಮೋಹನ್ ಸುಮ್ನೆ ಕೇಳಿಸಿಕೊಂಡು, "ಮೇಡಂ, ಆ ಲಾರಿ ಹತ್ತಿದರೆ ನನಗೆ ವಾಂತಿ ಬರ್ತಿತ್ತು. ನನಗೆ ಬೇಕಾಗಿರೋದು ನನ್ನ ಟ್ರಕ್" ಅಂದರು.

ಅವರು ಹೇಳಿದ್ದೇ ಸರಿ. ಏಳು ವರ್ಷ ದಿನಾ ಮುಟ್ಟಿದ ವಸ್ತು ಹೋದರೆ ದುಃಖ ಆಗುತ್ತದೆ, ಅದಕ್ಕೆ ಇನ್ನೊಂದು ಅರ್ಥ ಬೇಕಿಲ್ಲ. ದುಃಖದ ಬಗ್ಗೆ ಅಧ್ಯಯನ ಮಾಡಿದ ಅಮೆರಿಕದ ಕೆನೆತ್ ಡೋಕಾ ಅವರು 1980ರ ದಶಕದಲ್ಲಿ ಒಂದು ಬಗೆಯ ದುಃಖಕ್ಕೆ ಹೆಸರು ಕೊಟ್ಟರು. ಸುತ್ತಲಿನವರು ದುಃಖ ಅಂತ ಒಪ್ಪದೇ ಇರುವ ದುಃಖ ಅದು. ಸಾಕಿದ ನಾಯಿ ಸತ್ತಾಗ, ಗರ್ಭ ನಿಲ್ಲದಿದ್ದಾಗ ಇದನ್ನು ನೋಡುತ್ತೇವೆ. ಯಾರೂ ಬಂದು ಮಾತಾಡಿಸುವುದಿಲ್ಲ, ಹಾಗಾಗಿ ಅದು ಒಳಗೇ ಕೂತು ಹುಳಿಯಾಗುತ್ತದೆ. ಮೋಹನ್ ಐದು ವರ್ಷ ಒಬ್ಬರಿಗೂ ಹೇಳಿರಲಿಲ್ಲ. "ಕಬ್ಬಿಣಕ್ಕೆ ಅಳ್ತಾನೆ ಅಂತ ನಗ್ತಾರೆ ಮೇಡಂ."

ಮೂರನೇ ಭೇಟಿಗೆ ಹೆಂಡತಿಯನ್ನೂ ಕೂರಿಸಿದೆ. ಅಲ್ಲಿ ಬಯಲಾದದ್ದು ನನಗೂ ಗೊತ್ತಿರಲಿಲ್ಲ. ಮೋಹನ್ ಹೇಳುತ್ತಾ ಹೇಳುತ್ತಾ, "ನೀನು ಹೇಳಿದ್ದಕ್ಕೇ ತಾನೇ ಮಾರಿದ್ದು" ಅಂದುಬಿಟ್ಟರು. ಆಕೆ ಬೆಚ್ಚಿ ನೋಡಿದರು. "ಮಾರು ಅಂತ ನಾನು ಯಾವತ್ತು ಅಂದೆ?"

ಇಬ್ಬರೂ ಸೇರಿ ಹಿಂದಕ್ಕೆ ಹೋದರು. ಆಕೆ ಐದು ತಿಂಗಳ ಬಸುರಿ. ಮಳೆ. ಹಿಂದೆ ಭಾರವಿಲ್ಲದ ಖಾಲಿ ಟ್ರಕ್ಕು, ಅಷ್ಟೊಂದು ಶಕ್ತಿ. ಸಿಗ್ನಲ್ ಹತ್ತಿರ ಬಾಲ ಪಕ್ಕಕ್ಕೆ ಜಾರಿತು. ಏನೂ ಆಗಲಿಲ್ಲ. ಆಕೆ ಹೊಟ್ಟೆ ಹಿಡಿದುಕೊಂಡು, "ಇದನ್ನ ಮಳೇಲಿ ತೆಗೀಬೇಡ" ಅಂದಿದ್ದರು. ಅಷ್ಟೇ. ಮಿಕ್ಕಿದ್ದನ್ನು ಮೋಹನ್ ತಾವೇ ಜೋಡಿಸಿಕೊಂಡಿದ್ದರು. "ನಾನು ಗ್ಯಾರೇಜಲ್ಲಿ ಜಾಗ ಮಾಡ್ತಿದ್ದೆ. ಸಾಲದಲ್ಲೇ ವ್ಯಾನ್ ತಗೊಂಡು ಇದನ್ನ ಇಟ್ಕೊಳ್ಳೋಣ ಅಂತಿದ್ದೆ. ನೀನು ಕೇಳಲೇ ಇಲ್ಲ, ವ್ಯಾನ್ ತಂದು ನಿಲ್ಲಿಸಿದೆ" ಅಂದರು ಆಕೆ.

ಮೋಹನ್ ತುಂಬಾ ಹೊತ್ತು ಮಾತಾಡಲಿಲ್ಲ.

ಯಾರೂ ಕೇಳದೇ ಇದ್ದ ತ್ಯಾಗ ಇದು. ಕೊಟ್ಟವರು ಮನಸ್ಸಿನಲ್ಲೇ ಲೆಕ್ಕ ಬರೆದಿಟ್ಟಿದ್ದರು. ಸಾಲ ಇದೆ ಅನ್ನುವುದೇ ಗೊತ್ತಿಲ್ಲದ ಹೆಂಡತಿಯಿಂದ ಐದು ವರ್ಷ ಬಡ್ಡಿ ವಸೂಲಿ ನಡೆದಿತ್ತು. ಪ್ರವಾಸ ಅಂದರೆ ಮುಖ ಸಿಂಡರಿಸುವುದು, ವ್ಯಾನಿನ ಸರ್ವಿಸ್ ಮರೆಯುವುದು, ಕೊನೆಗೆ ಆ ಒಂದೇ ಹೂ. ಟ್ರಕ್ ಹೋದ ದುಃಖ ಒಂದು. ಇದು ಬೇರೆಯೇ ಗಂಟು. ಎರಡನ್ನೂ ಒಟ್ಟಿಗೆ ಬಿಚ್ಚಲು ಆಗುವುದಿಲ್ಲ.

ಮೊದಲ ಸಲಹೆ ಚಿಕ್ಕದು, ಆದರೆ ಕಷ್ಟದ್ದು. "ಮಾರಬೇಕಾಯ್ತು" ಅನ್ನಬಾರದು, "ನಾನು ಮಾರಿದೆ" ಅನ್ನಬೇಕು. ಮನೆಯಲ್ಲಿ, ಜೋರಾಗಿ. ಮೊದಲ ವಾರ ಮೋಹನ್‌ಗೆ ಇದು ಬಾಯಿಗೆ ಬರಲಿಲ್ಲ.

ರಾತ್ರಿಯ ಹುಡುಕಾಟವನ್ನು ನಿಲ್ಲಿಸಿ ಅನ್ನಲಿಲ್ಲ. ಬೇಡ ಅಂದರೆ ಬಚ್ಚಲುಮನೆಯಲ್ಲಿ ಕೂತು ಹುಡುಕುತ್ತಾರೆ, ಅಲ್ವಾ? ಭಾನುವಾರ ಅರ್ಧ ಗಂಟೆ, ಹಾಲ್‌ನಲ್ಲಿ, ಎಲ್ಲರೆದುರು. ಮಲಗುವ ಕೋಣೆಗೆ ಫೋನ್ ಇಲ್ಲ.

ಟ್ರಕ್ಕಿನ ಬಗ್ಗೆ ನೆನಪಿರುವುದನ್ನೆಲ್ಲ ಬರೆಯಲು ಹೇಳಿದೆ, ಅದು ಕೊಟ್ಟ ಕಾಟವನ್ನೂ ಸೇರಿಸಿ. ಕಳೆದುಕೊಂಡ ವಸ್ತು ನೆನಪಿನಲ್ಲಿ ದೇವರಾಗಿಬಿಡುತ್ತದೆ. ಅದು ಕುಡಿಯುತ್ತಿದ್ದ ಪ್ರೀಮಿಯಂ ಪೆಟ್ರೋಲು, ಮಳೆ ಬಂದಾಗಿನ ಪುಕುಪುಕು, ಕನ್ನಡ ಬಳಗದಲ್ಲಿ ಯಾರೇ ಮನೆ ಬದಲಿಸಿದರೂ ಸೋಫಾ ಹೊರಲು ಇವರಿಗೇ ಬರುತ್ತಿದ್ದ ಫೋನು, ಎಲ್ಲ ಪಟ್ಟಿಗೆ ಬಂತು. ಓದುವಾಗ ಗಂಡ ಹೆಂಡತಿ ಇಬ್ಬರೂ ನಕ್ಕರು. ಮೋಹನ್ ಕಣ್ಣೊರೆಸಿಕೊಂಡದ್ದೂ ಆಗಲೇ.

"ಇನ್ನೊಂದು ಕೊಂಡರೆ ತಪ್ಪಾ?" ಅಂತ ಕೇಳಿದರು. ತಪ್ಪಲ್ಲ. ಆದರೆ ಮುಂದಿನ ಆಯುಧಪೂಜೆಯವರೆಗೆ ಬೇಡ ಅಂದೆ. ಬೇಸರದಲ್ಲಿ ಕೊಳ್ಳುವುದೂ ಅವಸರದಲ್ಲಿ ಮಾರಿದ ಹಾಗೇ. ಅಲ್ಲಿಯವರೆಗೆ ಬೇರೆ ಖಾತೆಯಲ್ಲಿ ದುಡ್ಡು ಕೂಡಿಡಲಿ, ಸಾಲ ಮಾಡದಿರಲಿ. ಇಪ್ಪತ್ತು ವರ್ಷ ದಾಟಿದ ಗಾಡಿ, ಗೊತ್ತಿರುವ ಮೆಕ್ಯಾನಿಕ್ ನೋಡಲಿ. ಸಹಿ ಹಾಕುವ ಹಿಂದಿನ ರಾತ್ರಿ ಇಬ್ಬರೂ ಕೂತು ಮಾತಾಡಲಿ. ಈ ಕೊನೆಯದನ್ನು ಎರಡು ಸಲ ಹೇಳಿದೆ.

ಏಳು ಭೇಟಿಗೆ ಮುಗಿಸಿದೆವು. ವ್ಯಾನಿನ ಸರ್ವಿಸ್ ಈಗ ಸಮಯಕ್ಕೆ ಆಗುತ್ತಿದೆಯಂತೆ. ಹೋದ ತಿಂಗಳು ಮೋಹನ್ ಮೆಸೇಜ್ ಕಳಿಸಿದ್ದರು. ತಮ್ಮ ಹಳೆಯ ಟ್ರಕ್ ಇನ್ನೂ ಸಿಕ್ಕಿಲ್ಲ. ಭಾನುವಾರದ ಅರ್ಧ ಗಂಟೆಗೆ ಹೆಂಡತಿಯೂ ಪಕ್ಕದಲ್ಲಿ ಬಂದು ಕೂರುತ್ತಾರಂತೆ. "ಕಪ್ಪು ಬೇಡ, ಕೆಂಪು ನೋಡು ಅಂತಾಳೆ ಮೇಡಂ. ಅದರ ಮೇಲೇ ಈಗ ಜಗಳ."