ಚೀಟಿ ಪ್ರಿಂಟರ್‌ಗೆ ಇನ್ನೂ 0000 ಪಿನ್ ಇಟ್ಟಿದ್ದೀರಾ?

ಕಾರಟಗಿ ಅಣ್ಣಾ, ಗದ್ದೆಯಲ್ಲಿ ಭತ್ತ ತೂಗುವಾಗ ಪಕ್ಕದ ಖರೀದಿಯವರ ತೂಕದ ಚೀಟಿ ನಿಮ್ಮ ಬ್ಲೂಟೂತ್ ಪ್ರಿಂಟರಿನಲ್ಲಿ ಬಂತು, ಪ್ರಿಂಟರ್ ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಕೆಟ್ಟಿಲ್ಲ. ನೀವು ಹಾಕಿದ ಫೋಟೋದಲ್ಲೇ ಪಿನ್ (ಫೋನ್ ಜೋಡಿಸುವಾಗ ಕೇಳುವ ಗುಟ್ಟಿನ ನಂಬರ್) 0000 ಅಂತ ಕಾಣುತ್ತಿದೆ, ಹೆಸರೂ ಕಂಪನಿ ಕೊಟ್ಟಿದ್ದೇ. ಪಕ್ಕದವರದ್ದೂ ಅದೇ ಮಾಡೆಲ್. ಅವರ ಹುಡುಗ ಲಿಸ್ಟಿನಲ್ಲಿ ಮೊದಲು ಕಂಡದ್ದನ್ನು ಒತ್ತಿದ್ದಾನೆ, ಅಷ್ಟೇ. ಹೋದ ಸುಗ್ಗಿಯಲ್ಲಿ ನಮ್ಮ ಕಾಟಾದಲ್ಲೂ ಹೀಗೇ ಆಗಿ, 75 ಕೆಜಿ ಚೀಲದ ಲೆಕ್ಕ ಇಬ್ಬರು ರೈತರಿಗೆ ಅದಲು ಬದಲಾಗಿ ದೊಡ್ಡ ಜಗಳವೇ ಆಯಿತು.

ಮೊದಲು ಸೆಲ್ಫ್ ಟೆಸ್ಟ್ ತೆಗೆಯಿರಿ. ಆಫ್ ಮಾಡಿ, ಪೇಪರ್ ಫೀಡ್ ಗುಂಡಿ ಒತ್ತಿ ಹಿಡಿದೇ ಆನ್ ಮಾಡಿ. ಹೆಚ್ಚಿನ ಪ್ರಿಂಟರುಗಳು ಒಂದು ಉದ್ದ ಚೀಟಿ ಬಿಡುತ್ತವೆ. ಅದರಲ್ಲಿ ಬ್ಲೂಟೂತ್ ಹೆಸರು, ಅಡ್ರೆಸ್, ಕೆಲವದರಲ್ಲಿ ಪಿನ್ ಕೂಡ ಇರುತ್ತದೆ. ಅಡ್ರೆಸ್ ಅಂದರೆ ಎರಡೆರಡು ಅಂಕಿ-ಅಕ್ಷರದ ಆರು ಜೊತೆ. ಹೆಸರು ಒಂದೇ ಇದ್ದರೂ ಇದು ಬೇರೆ ಇರುತ್ತದೆ. ಕೊನೆಯ ಎರಡು ಜೊತೆಯನ್ನು ಮಾರ್ಕರಿನಲ್ಲಿ ಪ್ರಿಂಟರ್ ಹಿಂದೆ ಬರೆದಿಡಿ. ಚೀಟಿ ಹರಿದು ಹಾಕಿ, ಬದುವಿನ ಮೇಲೆ ಬಿಟ್ಟು ಬರಬೇಡಿ ಮತ್ತೆ!

ಆಮೇಲೆ ಕಂಪನಿಯ ಸೆಟ್ಟಿಂಗ್ ಆ್ಯಪಿನಲ್ಲಿ ಹೆಸರು, ಪಿನ್ ಎರಡನ್ನೂ ಬದಲಿಸಿ. 1234 ಹಾಕಿದರೆ ಸುಮ್ನೆ ದಂಡ. ಹೆಸರಿನಲ್ಲಿ ಫೋನ್ ನಂಬರ್ ಬೇಡ, ಹುಡುಕಿದ ಎಲ್ಲರಿಗೂ ಕಾಣುತ್ತದೆ. ಎಲ್ಲ ಫೋನುಗಳಲ್ಲಿ ಹಳೇ ಪೇರಿಂಗ್ (ಫೋನ್-ಪ್ರಿಂಟರ್ ಜೋಡಣೆ) ಅಳಿಸಿ, ಮನೆಯಲ್ಲಿ ಕೂತು ಒಂದೊಂದಾಗಿ ಮತ್ತೆ ಜೋಡಿಸಿ. ಸಂತೆಯಂಥ ಜಾಗದಲ್ಲಿ ಪೇರಿಂಗ್ ಮಾಡಲೇಬೇಡಿ. ಬೇರೆಯವರಿಗೆ ಕಾಣದ ಹಾಗೆ ಇಡುವ ಆಯ್ಕೆ ಇದ್ದರೆ ಆನ್ ಮಾಡಿ. ಪಿನ್ ಬದಲಿಸಲು ಆಗದ ಅಗ್ಗದ ಪ್ರಿಂಟರೂ ಇವೆ. ಅಂಥದ್ದನ್ನು ಲೆಕ್ಕದ ಕೆಲಸಕ್ಕೆ ಯಾಕೆ ತರುತ್ತೀರೋ! ಎಪ್ಸನ್, ಟಿವಿಎಸ್ ಥರದ್ದಕ್ಕೆ ದುಡ್ಡು ಜಾಸ್ತಿ, ಆದರೆ ಕೈಪಿಡಿ ಓದುವ ಹಾಗಿರುತ್ತದೆ. ಬ್ಯಾಟರಿ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ನೋಡದೆ ತರಬೇಡಿ.

"ಕನೆಕ್ಟ್ ಆಗ್ತಿಲ್ಲ" ಅಂತ ಕೆಳಗೆ ಬರೆದವರಿಗೂ ಹೇಳುತ್ತೇನೆ. ಇವುಗಳಲ್ಲಿ ಹೆಚ್ಚಿನವು ಒಂದು ಸಲಕ್ಕೆ ಒಂದೇ ಫೋನ್ ಹಿಡಿಯುತ್ತವೆ. ಹಮಾಲಿ ಹುಡುಗನ ಫೋನಿಗೆ ಅಂಟಿಕೊಂಡಿದ್ದರೆ ನಿಮ್ಮದಕ್ಕೆ ಸಿಗಲ್ಲ. ಆಂಡ್ರಾಯ್ಡ್ 12ರಿಂದ ಈಚೆಗೆ ಹತ್ತಿರದ ಸಾಧನಗಳ ಅನುಮತಿಯನ್ನೂ ಕೊಡಬೇಕು. ವೈಫೈ ಕಾರಣ ಅಂತ ಸುಮ್ನೆ ಬೈಯಬೇಡಿ. ಎರಡೂ 2.4 ಗಿಗಾಹರ್ಟ್ಸ್ ನಿಜ, ಆದರೆ ಹಳೇ ಮಾದರಿಯ ಬ್ಲೂಟೂತ್ ಸೆಕೆಂಡಿಗೆ 1600 ಸಲ ಚಾನೆಲ್ ಬದಲಿಸಿ ತಪ್ಪಿಸಿಕೊಳ್ಳುತ್ತದೆ. ನಿಮ್ಮ ಮೈಯೇ ಅದಕ್ಕೆ ದೊಡ್ಡ ಅಡ್ಡ. ಪ್ರಿಂಟರ್ ಸೊಂಟದ ಎಡಕ್ಕಿದ್ದರೆ ಫೋನೂ ಎಡಗೈಯಲ್ಲಿರಲಿ.

ಸಂಡೂರು ಕಡೆ ಅದಿರು ಲಾರಿಗೆ ಚೀಟಿ ತೆಗೆಯುವವರು ಬ್ಲಾಸ್ಟಿಂಗ್ (ಮದ್ದಿಟ್ಟು ಬಂಡೆ ಸಿಡಿಸುವ) ಬೋರ್ಡ್ ಕಂಡರೆ ಪ್ರಿಂಟರ್ ಆಫ್ ಮಾಡಿ, ಬ್ಲೂಟೂತ್ ಅಷ್ಟೇ ಅಲ್ಲ. ಪೆಟ್ರೋಲ್ ಬಂಕಿನಲ್ಲೂ ಹಾಗೇ. ಪೇಸ್‌ಮೇಕರ್ ಇದ್ದವರು ಎದೆ ಜೇಬಿನಲ್ಲಿ ಇಡಬಾರದು, ಕನಿಷ್ಠ 15 ಸೆಂಟಿಮೀಟರ್ ದೂರ ಇರಲಿ. ಮಿಕ್ಕವರಿಗೆ ಸೊಂಟಕ್ಕೆ ಕಟ್ಟಿಕೊಂಡರೆ ಏನೂ ಆಗಲ್ಲ, ಇದರ ಪವರ್ ಫೋನಿಗಿಂತ ಎಷ್ಟೋ ಕಡಿಮೆ.

ರಾಯಚೂರು ಬಿಸಿಲಿನಲ್ಲಿ ಟ್ರ್ಯಾಕ್ಟರ್ ಬಾನೆಟ್ ಮೇಲೆ ಇಟ್ಟು ಚಾರ್ಜ್ ಮಾಡುವವರನ್ನು ಕಂಡರೆ ಮೈ ಉರಿಯುತ್ತದೆ. ಲಿಥಿಯಂ ಬ್ಯಾಟರಿ ಉಬ್ಬಿದರೆ ಬಿಡಿ, ಬಳಸಬೇಡಿ. ಚೀಟಿಯ ಅಕ್ಷರವೂ ಬಿಸಿಲಿಗೆ ಮಾಸುತ್ತದೆ, ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ಇನ್ನೂ ಬೇಗ. ದುಡ್ಡು ಬರುವವರೆಗೆ ರೈತರು ಅದರ ಫೋಟೋ ಇಟ್ಟುಕೊಳ್ಳಲಿ.

ಅಣ್ಣಾ, ಮಾಡೆಲ್ ನಂಬರ್ ಹಾಕಿ, ಪಿನ್ ಬದಲಿಸುವ ಆ್ಯಪ್ ಯಾವುದು ಅಂತ ನೋಡಿ ಹೇಳುತ್ತೇನೆ.