ಯುದ್ಧ ಎರಡು ಪುಟ, ಮದುವೆ ನಲವತ್ತು ಪುಟ

ಈ ತಿಂಗಳು ಬಂದ ಪತ್ರಗಳಲ್ಲಿ ಒಂದನ್ನು ಎತ್ತಿಡಲು ಮನಸ್ಸಾಗದೆ ಮೇಜಿನ ಮೇಲೆಯೇ ಇಟ್ಟುಕೊಂಡಿದ್ದೇನೆ. ಬರೆದವರು ಮೂವತ್ತು ವರ್ಷ ಇತಿಹಾಸ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಮುಖ್ಯ ಭಾಗ ಇದು:

"ನಿಮ್ಮ ಪತ್ರಿಕೆಯಲ್ಲಿ ಬರುತ್ತಿರುವ ಐತಿಹಾಸಿಕ ಧಾರಾವಾಹಿಯನ್ನು ನಮ್ಮ ಮನೆಯಲ್ಲಿ ಎಲ್ಲರೂ ಓದುತ್ತಾರೆ. ನನ್ನ ಹೆಂಡತಿ, ಸೊಸೆ ಇಬ್ಬರೂ ಓದಿ ಕಣ್ಣೊರೆಸಿಕೊಳ್ಳುತ್ತಾರೆ. ಇದರಲ್ಲಿ ಇತಿಹಾಸ ಎಲ್ಲಿದೆ ಸ್ವಾಮಿ? ಯುದ್ಧ ಎರಡು ಪುಟದಲ್ಲಿ ಮುಗಿಯಿತು. ಮದುವೆ ನಲವತ್ತು ಪುಟ ನಡೆಯಿತು. ಪಾಳೆಯಗಾರ ತನ್ನ ಮಗಳ ಬಗ್ಗೆ ಏನಂದುಕೊಂಡ ಎಂಬುದಕ್ಕೆ ಯಾವ ದಾಖಲೆಯೂ ಇಲ್ಲ. ದಾಖಲೆಯಿಲ್ಲದ ಪ್ರೀತಿಗೆ ಬಣ್ಣ ಹಚ್ಚಿ ಬಡಿಸುವುದು ಕಣ್ಣೀರಿನ ವ್ಯಾಪಾರ ಅಲ್ಲವೇ?"

ಕೊನೆಗೆ ಒಂದು ತಾ.ಕ. ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೇಷ್ಟ್ರೇ, ಮೊದಲು ನಿಮ್ಮ ಪರವಾಗಿ ಎರಡು ಮಾತು ಹೇಳಿಬಿಡುತ್ತೇನೆ, ಆಮೇಲೆ ಪುರುಸೊತ್ತಾಗುವುದಿಲ್ಲ. ಹಳೆಯ ಕಾಲದ ಬಟ್ಟೆ ತೊಡಿಸಿ ಈ ಕಾಲದವರನ್ನೇ ಓಡಾಡಿಸುವ ಕಾದಂಬರಿಗಳು ಬೇಕಾದಷ್ಟಿವೆ. ಹೋದ ವರ್ಷ ಒಂದು ಹಸ್ತಪ್ರತಿ ಬಂದಿತ್ತು. ಅದರಲ್ಲಿ ಹನ್ನೆರಡನೇ ಶತಮಾನದ ರಾಜಕುಮಾರಿ ಅಪ್ಪನ ಮುಂದೆ ನಿಂತು "ನನ್ನ ಬದುಕಿನ ಆಯ್ಕೆ ನನ್ನದು" ಎಂದು ಭಾಷಣ ಬಿಗಿಯುತ್ತಾಳೆ. ಅಪ್ಪ "ನಿನ್ನ ಭಾವನೆ ನನಗೆ ಅರ್ಥವಾಗುತ್ತೆ" ಅನ್ನುತ್ತಾನೆ. ವಾಪಸ್ ಕಳಿಸಿದೆ. ಅಂಥವುಗಳಿಗೆ ನೀವು ಬೈದರೆ ಪಕ್ಕದಲ್ಲಿ ನಿಂತು ನಾನೂ ಬೈಯುತ್ತೇನೆ. ನಿಮ್ಮ ಪಾಲು ಮುಗಿಯಿತು.

ಇನ್ನು ದಾಖಲೆಯ ವಿಷಯ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ 1123ರಲ್ಲಿ ಶ್ರವಣಬೆಳಗೊಳದಲ್ಲಿ ಒಂದು ಬಸದಿ ಕಟ್ಟಿಸಿದಳು. ಅದರ ಹೆಸರು ಸವತಿಗಂಧವಾರಣ ಬಸದಿ. ಅದು ಆಕೆಯ ಬಿರುದೇ. ಸವತಿಯರ ಪಾಲಿಗೆ ಮದದಾನೆ ಅಂತ ಅರ್ಥ. ಇದು ಯಾರೋ ಮೂಲೆಯಲ್ಲಿ ಪಿಸುಗುಟ್ಟಿದ ಮಾತಲ್ಲ, ಕಲ್ಲಿನಲ್ಲಿ ಕೊರೆಸಿ ದೇವರ ಮನೆಗೇ ಇಟ್ಟ ಹೆಸರು. ಅರಮನೆಯ ಒಳಗೆ ಏನು ನಡೆಯುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಜಾಸ್ತಿ ದಾಖಲೆ ಬೇಕಾ?

1131ರಲ್ಲಿ ಆಕೆ ಶಿವಗಂಗೆಯಲ್ಲಿ ತೀರಿಕೊಂಡಳು. ಬೆಟ್ಟದ ಮೇಲಿಂದ ಹಾರಿಕೊಂಡಳು ಎಂಬ ಕಥೆ ಎಲ್ಲರ ಬಾಯಲ್ಲಿದೆ. ಶಾಸನ ಮಾತ್ರ ತೀರಿಕೊಂಡಳು ಎನ್ನುತ್ತದೆ, ಅಷ್ಟೇ. ಸರಿ, ಇಲ್ಲಿ ಗೆದ್ದವರು ನೀವು. ಆದರೆ ಅದೇ ಶಾಸನವನ್ನು ಮುಂದಕ್ಕೆ ಓದಿ. ಅದು ಶಾಂತಲೆಯ ತಾಯಿ ಮಾಚಿಕಬ್ಬೆಯ ಕಡೆ ತಿರುಗುತ್ತದೆ. ಮಗಳೇ ಹೋದ ಮೇಲೆ ನಾನು ಉಳಿಯಲಾರೆ ಎಂದ ಆ ತಾಯಿ ಬೆಳಗೊಳಕ್ಕೆ ಬಂದಳು. ಒಂದು ತಿಂಗಳು ಉಪವಾಸವಿದ್ದು ದೇಹ ಬಿಟ್ಟಳು.

ಶಾಸನ ಅಲ್ಲಿಗೆ ಮುಗಿಯುತ್ತದೆ. ಅದರ ಕೆಲಸ ಅಷ್ಟೇ. ಆದರೆ ಆ ಒಂದು ತಿಂಗಳು? ಮಗಳ ಸುದ್ದಿ ತಂದವರು ಯಾರು, ಹೇಗೆ ಬಾಯಿ ಬಿಟ್ಟರು? ಸುದ್ದಿ ಬಂದಾಗ ಆಕೆ ಏನು ಮಾಡುತ್ತಿದ್ದಳು? ಗಂಡ ಮಾರಸಿಂಗಯ್ಯ ಶೈವ, ಆಕೆ ಜೈನೆ. ಎರಡು ದೇವರಿದ್ದ ಆ ಮನೆಯಲ್ಲಿ ಹುಡುಗಿ ಯಾರ ಕೈ ಹಿಡಿದು ಯಾವ ಗುಡಿಗೆ ಹೋಗುತ್ತಿದ್ದಳು? ಕಲ್ಲು ಬಾಯಿ ಮುಚ್ಚಿದ ಜಾಗದಲ್ಲಿ ಕಾದಂಬರಿಕಾರ ಬಾಯಿ ತೆರೆಯುತ್ತಾನೆ. ಅವನು ಸುಳ್ಳು ಹೇಳಬಹುದು, ತಪ್ಪಬಹುದು. ಆದರೆ ಅಲ್ಲೊಂದು ತಿಂಗಳಿತ್ತು ಎಂಬುದು ಸುಳ್ಳಲ್ಲ.

ನೀವು ಅಪವಾದ ಅನ್ನುತ್ತೀರಿ, ಗೊತ್ತು. ಹಾಗಾದರೆ ದೂರದ್ದೊಂದು ಹೇಳುತ್ತೇನೆ. 1998ರಲ್ಲಿ ಕೊರಿಯಾದ ಆಂದೊಂಗ್‌ನಲ್ಲಿ ಮನೆಗಳನ್ನು ಕಟ್ಟಲು ಜಾಗ ಮಾಡುವಾಗ ಒಂದು ಹಳೆಯ ಗೋರಿ ತೆರೆದರು. ಒಳಗಿದ್ದವನು ಲೀ ಉಂಗ್‌ ತೆ, 1586ರಲ್ಲಿ ತೀರಿಕೊಂಡವನು. ಮೂವತ್ತರ ಆಸುಪಾಸಿನ ವಯಸ್ಸು. ತಲೆಯ ಹತ್ತಿರ ಒಂದು ಜೊತೆ ಚಪ್ಪಲಿ, ಸೆಣಬಿನ ನಾರಿನ ಜೊತೆ ಹೆಂಡತಿ ತನ್ನ ಕೂದಲನ್ನೂ ಸೇರಿಸಿ ಹೆಣೆದದ್ದು. ಜೊತೆಗೆ ಅವಳು ಬರೆದ ಕಾಗದ. "ವೊನ್‌ನ ಅಪ್ಪನಿಗೆ" ಎಂದು ಶುರುವಾಗುತ್ತದೆ. ಇಬ್ಬರ ಕೂದಲೂ ಬೆಳ್ಳಗಾಗುವವರೆಗೆ ಬದುಕಿ ಒಂದೇ ದಿನ ಸಾಯೋಣ ಅಂತಿದ್ದೆಯಲ್ಲ, ನನ್ನನ್ನು ಬಿಟ್ಟು ಹೇಗೆ ಹೋದೆ ಎಂದು ಕೇಳುತ್ತಾಳೆ. ಅವಳು ಆಗ ಬಸುರಿ. ಈ ಮಗು ಹುಟ್ಟಿದ ಮೇಲೆ ಯಾರನ್ನು ಅಪ್ಪ ಅನ್ನಬೇಕು ಎನ್ನುತ್ತಾಳೆ. ಕನಸಿಗಾದರೂ ಬಾ, ಬಂದು ಉತ್ತರ ಹೇಳು ಎನ್ನುತ್ತಾಳೆ. ಹಾಳೆ ತುಂಬಿದೆ. ಮಾತು ಮುಗಿದಿಲ್ಲ. ಅಂಚಿನಲ್ಲಿ ಬರೆದಿದ್ದಾಳೆ. ಅದೂ ತುಂಬಿದ ಮೇಲೆ ಹಾಳೆ ತಿರುಗಿಸಿ, ಮೇಲೆ ಉಳಿದ ಜಾಗದಲ್ಲಿ ತಲೆಕೆಳಗಾಗಿ ಬರೆದಿದ್ದಾಳೆ.

ಆ ಕಾಗದದ ಚಿತ್ರ ಮೊದಲ ಸಲ ನೋಡಿದಾಗ ನಾನು ಅಕ್ಷರ ನೋಡಲಿಲ್ಲ, ಕೊರಿಯನ್ ನನಗೆ ಬರುವುದೂ ಇಲ್ಲ. ಆ ತಲೆಕೆಳಗಾದ ಸಾಲುಗಳನ್ನೇ ನೋಡುತ್ತಾ ಕೂತೆ. ನಾನೂರು ವರ್ಷ ಮಣ್ಣಿನೊಳಗೆ ಕೂತ ಕಾಗದದಲ್ಲಿ ಜಾಗ ಸಾಲದೆ ಒಬ್ಬಳು ಪರದಾಡಿದ್ದು ಹಾಗೇ ಇದೆ. ಆ ದೇಶದಲ್ಲಿ ಈ ಕಾಗದದಿಂದ ಕಾದಂಬರಿ, ನಾಟಕ ಹುಟ್ಟಿದವು. ಹುಟ್ಟದೇ ಇರುತ್ತಿತ್ತೇ? ಗಂಡನ ಹೆಸರು ಗೊತ್ತು, ತೀರಿಕೊಂಡ ವರ್ಷ ಗೊತ್ತು. ಅವಳ ಹೆಸರು ಮಾತ್ರ ಗೊತ್ತಿಲ್ಲ.

ಈ ಹೆಸರಿನ ವಿಷಯಕ್ಕೆ ನನ್ನದೂ ಒಂದು ಕಥೆ ಇದೆ. ನಮ್ಮ ಮನೆತನದ್ದೊಂದು ವಂಶಾವಳಿ ಇದೆ. ಏಳು ತಲೆಮಾರು, ದೊಡ್ಡ ಹಾಳೆ, ಚಂದದ ಮರದ ಚಿತ್ರ. ಕೊಂಬೆಗೊಂದು ಗಂಡಸಿನ ಹೆಸರು. ಹೆಂಗಸರು ಬರುವುದು ನನ್ನ ಅಜ್ಜನ ತಲೆಮಾರಿನಿಂದ ಈಚೆಗೆ, ಅದೂ ಕಂಸದೊಳಗೆ. ಒಂದು ಸಲ ಹಟ ಹಿಡಿದು ನನ್ನ ಅಜ್ಜನ ಅಮ್ಮನ ಹೆಸರೇನು ಎಂದು ಹಿರಿಯರನ್ನೆಲ್ಲ ಕೇಳಿಕೊಂಡು ಬಂದೆ. ಆಕೆ ಬೆಳ್ಳಗಿದ್ದಳು, ಕೋಪ ಜಾಸ್ತಿ, ಒಂದು ಕಿವಿ ಕೇಳಿಸುತ್ತಿರಲಿಲ್ಲ. ಇಷ್ಟೆಲ್ಲ ಸಿಕ್ಕಿತು. ಹೆಸರು ಸಿಗಲಿಲ್ಲ. ಎಲ್ಲರೂ "ದೊಡ್ಡವ್ವ" ಅಂತಿದ್ದರಂತೆ. ಆ ಹಾಳೆಯ ಮುಂದೆ ನಿಂತಾಗ ನನಗೆ ಅರ್ಥವಾಯಿತು, ನಮ್ಮ ಓದುಗರು ಈ ಕಾದಂಬರಿಗಳಲ್ಲಿ ಏನನ್ನು ಹುಡುಕುತ್ತಾರೆ ಅಂತ. ರಾಣಿಯರನ್ನಲ್ಲ ಮೇಷ್ಟ್ರೇ. ರಾಣಿಯ ನೆಪದಲ್ಲಿ ತಮ್ಮ ದೊಡ್ಡವ್ವನನ್ನು.

ಟಾಲ್‌ಸ್ಟಾಯ್ ಕೂಡ ಮಾಡಿದ್ದು ಇದನ್ನೇ. ಎರಡು ವರ್ಷ ತುಂಬುವ ಮೊದಲೇ ಅವನ ತಾಯಿ ಹೋಗಿಬಿಟ್ಟಳು. ಆಕೆಯದೊಂದು ಭಾವಚಿತ್ರವೂ ಉಳಿದಿರಲಿಲ್ಲ. ಇದ್ದದ್ದು ಆಕೆ ಹುಡುಗಿಯಾಗಿದ್ದಾಗಿನ ಒಂದು ನೆರಳುಚಿತ್ರ, ಕಪ್ಪು ಕಾಗದದ ಆಕಾರ. ಆ ಮಗ ಮುಂದೆ ಯುದ್ಧ ಮತ್ತು ಶಾಂತಿಯ ಆ ದೊಡ್ಡ ಕಾದಂಬರಿ ಬರೆದು 1869ರಲ್ಲಿ ಮುಗಿಸಿದಾಗ ತಾಯಿಯ ನೆರಳು ಅದರೊಳಗೆ ರಾಜಕುಮಾರಿ ಮರಿಯಾ ಆಗಿತ್ತು. ಚೆಲುವೆಯಲ್ಲ, ಆದರೆ ಕಣ್ಣು ಬೆಳಗುತ್ತವೆ. ಸಿಡುಕು ಅಪ್ಪ ಅವಳಿಗೆ ರೇಖಾಗಣಿತ ಹೇಳಿಕೊಡುತ್ತಾನೆ. ಹೆದರಿಕೆಗೆ ಅವಳಿಗೆ ಒಂದೂ ತಲೆಗೆ ಹೋಗುವುದಿಲ್ಲ. ನೆಪೋಲಿಯನ್ ಆ ಪುಸ್ತಕದಲ್ಲಿ ಬಂದು ಹೋಗುತ್ತಾನೆ. ನನಗೆ ಇವತ್ತಿಗೂ ನೆನಪಿರುವುದು ಆ ಗಣಿತದ ಪಾಠ.

ಇನ್ನೊಂದು ದೃಶ್ಯ. 1812. ಶತ್ರು ಮಾಸ್ಕೋದ ಬಾಗಿಲಿಗೆ ಬಂದಿದ್ದಾನೆ. ರೊಸ್ತೊವ್ ಮನೆಯವರು ಗಂಟುಮೂಟೆ ಕಟ್ಟುತ್ತಿದ್ದಾರೆ. ಪಿಂಗಾಣಿ, ರತ್ನಗಂಬಳಿ, ಯಾವುದು ಯಾವ ಪೆಟ್ಟಿಗೆಗೆ ಅಂತ ಗಲಾಟೆ. ಮನೆ ಖಾಲಿ ಮಾಡಿದವರಿಗೆಲ್ಲ ಗೊತ್ತಿರುವ ಗಲಾಟೆ. ಅಂಗಳದಲ್ಲಿ ಗಾಯಾಳು ಸೈನಿಕರು ಗಾಡಿಗಳಲ್ಲಿ ಜಾಗ ಕೇಳುತ್ತಿದ್ದಾರೆ. ಮನೆಯ ಹುಡುಗಿ ನತಾಶಾ ತಾಯಿಯ ಮೇಲೆ ಹರಿಹಾಯುತ್ತಾಳೆ. ಸಾಮಾನು ಕೆಳಗಿಳಿಯುತ್ತದೆ, ಸೈನಿಕರು ಮೇಲೆ ಹತ್ತುತ್ತಾರೆ. ಆ ಊರು ಇನ್ನು ಕೆಲವೇ ದಿನಗಳಲ್ಲಿ ಸುಟ್ಟು ಬೂದಿಯಾಗುತ್ತದೆ ಎಂದು ನಮಗೆ ಗೊತ್ತು. ಪಿಂಗಾಣಿ ಜೋಡಿಸುತ್ತಿರುವವರಿಗೆ ಗೊತ್ತಿಲ್ಲ.

ಐತಿಹಾಸಿಕ ಕಾದಂಬರಿಯಲ್ಲಿ ಗಂಟಲು ಕಟ್ಟುವುದು ಇಲ್ಲೇ. ಬೇರೆ ಕಾದಂಬರಿಗಳಲ್ಲಿ ಮುಂದೇನು ಅಂತ ಓದುತ್ತೇವೆ. ಇಲ್ಲಿ ಮುಂದಿನದು ಗೊತ್ತಿದ್ದೇ ಓದುತ್ತೇವೆ. ತಾರೀಖು ನಮ್ಮ ಕೈಯಲ್ಲಿರುತ್ತದೆ, ಅವರು ಮದುವೆಗೆ ಸೀರೆ ಆರಿಸುತ್ತಿರುತ್ತಾರೆ. ಬೇಡ, ಓಡಿಹೋಗಿ ಎಂದು ಕೂಗಬೇಕು ಅನ್ನಿಸುತ್ತದೆ. ಅದಕ್ಕೇ ಮದುವೆ ನಲವತ್ತು ಪುಟ. ಆ ನಲವತ್ತು ಪುಟ ಇಲ್ಲದಿದ್ದರೆ ನಿಮ್ಮ ಎರಡು ಪುಟದ ಯುದ್ಧದಲ್ಲಿ ಯಾರು ಸತ್ತರೂ ನಮಗೇನು?

ಯುದ್ಧ ಅಂದಿರಿ. ಎಷ್ಟೋ ಸಲ ಅದು ಶುರುವಾಗುವುದೇ ಮನೆಯೊಳಗೆ. ಕೊಡಗಿನ ಚಿಕವೀರರಾಜೇಂದ್ರನ ಒಡಹುಟ್ಟಿದವಳು ದೇವಮ್ಮಾಜಿ ಮತ್ತು ಆಕೆಯ ಗಂಡ ಅವನ ಕೈಯಿಂದ ತಪ್ಪಿಸಿಕೊಂಡು ಇಂಗ್ಲಿಷರ ಆಸರೆಗೆ ಓಡಿಹೋದರು. ಇಂಗ್ಲಿಷರಿಗೆ ಬೇಕಾಗಿದ್ದೂ ಅದೇ. 1834ರಲ್ಲಿ ರಾಜ್ಯ ಹೋಯಿತು. ಮಾಸ್ತಿಯವರು ಆ ಕಥೆಯನ್ನು ಮನೆಯ ಕಥೆಯಾಗಿಯೂ ರಾಜ್ಯದ ಕಥೆಯಾಗಿಯೂ ಒಟ್ಟಿಗೆ ಹೇಳಿದರು, ಅದಕ್ಕೆ 1983ರ ಜ್ಞಾನಪೀಠ ಬಂತು. ಅದನ್ನು ಯಾರೂ ಕಣ್ಣೀರಿನ ವ್ಯಾಪಾರ ಅನ್ನಲಿಲ್ಲ. ಪದಚ್ಯುತನಾದ ಆ ರಾಜ ಮಗಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ. 1852ರಲ್ಲಿ ಅವಳಿಗೆ ದೀಕ್ಷಾಸ್ನಾನವಾಯಿತು, ವಿಕ್ಟೋರಿಯಾ ರಾಣಿಯೇ ಧರ್ಮಮಾತೆ. ಆ ಹುಡುಗಿಗೆ ಆಗ ಹನ್ನೊಂದರ ಆಸುಪಾಸು. ಅಪ್ಪ ಆ ರಾತ್ರಿ ಏನು ಮಾಡಿದ, ಮೇಷ್ಟ್ರೇ? ನಿಮ್ಮ ಪಠ್ಯದಲ್ಲಿ ಒಪ್ಪಂದದ ಷರತ್ತುಗಳಿರುತ್ತವೆ.

ನನ್ನ ಚಿಕ್ಕಮ್ಮನ ಸುದ್ದಿ ಹೇಳದಿದ್ದರೆ ಈ ಉತ್ತರ ಪೂರ್ತಿಯಾಗುವುದಿಲ್ಲ. ಬಾಡಿಗೆಗೆ ಪುಸ್ತಕ ತಂದು ಓದುವವರು ಅವರು. ಒಂದು ಸಲ ತಂದ ಕಾದಂಬರಿಯಲ್ಲಿ ಅವರಿಗಿಂತ ಮುಂಚೆ ಓದಿದ ಪುಣ್ಯಾತ್ಮರೊಬ್ಬರು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದರು: "ಮುಂದಿನ ಎಂಟು ಪುಟ ಯುದ್ಧ. ಬಿಡಬಹುದು." ಚಿಕ್ಕಮ್ಮ ಬಿಟ್ಟರು. ಎಂಟು ಪುಟ ಆದ ಮೇಲೆ ಒಬ್ಬ ಸಾರಥಿ ಸತ್ತಿದ್ದು ಗೊತ್ತಾಯಿತು, ಅವನ ಹೆಂಡತಿ ಅಳುತ್ತಿದ್ದಳು. ಯಾಕೆ ಸತ್ತ ಅಂತ ಹಿಂದಕ್ಕೆ ಹೋಗಿ ಎಂಟೂ ಪುಟ ಓದಿದರು. ಆಮೇಲೆ ತಾವೂ ಪೆನ್ಸಿಲ್ ತೆಗೆದುಕೊಂಡು ಕೆಳಗೆ ಬರೆದರು: "ಬಿಡಬೇಡಿ." ಶಾಲೆಯಲ್ಲಿ ಇಸವಿಗಳನ್ನು ಕಂಡರೆ ನಡುಗುತ್ತಿದ್ದ ಹೆಂಗಸು ಅವರು. ಆ ಯುದ್ಧದ ಇಸವಿ ಕೊನೆಯವರೆಗೂ ನೆನಪಿತ್ತು. ಯಾಕೆ ಅಂತ ನೀವೇ ಹೇಳಿ, ಪಾಠ ಮಾಡಿದವರು ನೀವು.

ನನಗೆ ಸಿಟ್ಟಿರುವುದು ನಿಮ್ಮ ಮೇಲಲ್ಲ. ನಮ್ಮ ವಿಚಾರಗೋಷ್ಠಿಗಳಲ್ಲಿ "ಭಾವುಕ" ಎಂಬ ಮಾತು ಬೈಗುಳವಾಗಿದೆಯಲ್ಲ, ಅದರ ಮೇಲೆ. ಪೀಠದಲ್ಲಿ ಕೂತವರು ಕನ್ನಡಕ ಸರಿಮಾಡಿಕೊಂಡು "ಕೃತಿ ಸ್ವಲ್ಪ ಭಾವುಕವಾಗಿದೆ" ಅಂದರೆ ಮುಗಿಯಿತು, ಆ ಪುಸ್ತಕಕ್ಕೆ ಎಳ್ಳುನೀರು. ತಂದೆಯ ಹೆಣದ ಮುಂದೆ ದಂಡನಾಯಕ ಅತ್ತರೆ ಅದು ಮಹಾಕಾವ್ಯದ ಹರಹು. ಅದೇ ಹೆಣದ ಮುಂದೆ ಅವನ ತಂಗಿ ಅತ್ತರೆ ಭಾವುಕತೆ. ಒಂದು ಬಹುಮಾನ ಸಮಿತಿಯಲ್ಲಿ ನಾನೂ ಇದ್ದೆ. ಯಾವುದು ಅಂತ ಕೇಳಬೇಡಿ. ಹಿರಿಯರೊಬ್ಬರು ಒಂದು ಕಾದಂಬರಿಯನ್ನು ಓದದೆಯೇ ಬದಿಗೆ ಸರಿಸಿದರು. ಕಾರಣ, ಮುಖಪುಟದಲ್ಲಿ ಹೆಂಗಸಿನ ಮುಖವಿತ್ತು. ಕುದುರೆಯ ಮುಖವಿದ್ದಿದ್ದರೆ ಓದುತ್ತಿದ್ದರು! ನಾನು ಆಗ ಸುಮ್ನೆ ಕೂತೆ. ಆ ಸುಮ್ಮನಿದ್ದದ್ದು ಈಗಲೂ ಚುಚ್ಚುತ್ತದೆ. ಈ ಉತ್ತರ ಇಷ್ಟು ಉದ್ದವಾಗಿದ್ದಕ್ಕೆ ಅದೂ ಒಂದು ಕಾರಣ ಇರಬಹುದು.

ಪ್ರಕಾಶಕರಿಗೂ ಒಂದು ಮಾತು. ಆ ಮುಖಪುಟದ ಹೆಂಗಸಿನ ಕೆನ್ನೆಯ ಮೇಲೆ ಪ್ರತಿ ಸಲ ಒಂದು ಹನಿ ಕಣ್ಣೀರು ಬರೆಸುವುದನ್ನು ನಿಲ್ಲಿಸಿ. ಅಳುವುದು ಓದುಗರ ಕೆಲಸ.

ಈಗ ತಾ.ಕ.ಗೆ ಬರೋಣ. ನೀವು ಬರೆದದ್ದು ಇಷ್ಟು: "ಕಳೆದ ಸಂಚಿಕೆಯಲ್ಲಿ ಕೋಟೆ ಬಿಟ್ಟು ಹೊರಟ ಆ ಹುಡುಗಿಯ ತಂದೆ ವಾಪಸ್ ಬರುತ್ತಾನೋ ಇಲ್ಲವೋ? ಮನೆಯಲ್ಲಿ ಕೇಳುತ್ತಿದ್ದಾರೆ." ಕಾಗದವನ್ನು ಬೆಳಕಿಗೆ ಹಿಡಿದು ನೋಡಿದೆ, ಕ್ಷಮಿಸಿ. ಮೊದಲು "ನನಗೆ ತಿಳಿಯಬೇಕು" ಎಂದು ಬರೆದು, ಅದನ್ನು ಗಟ್ಟಿಯಾಗಿ ಹೊಡೆದುಹಾಕಿ, ಮೇಲೆ "ಮನೆಯಲ್ಲಿ" ಎಂದು ತಿದ್ದಿದ್ದೀರಿ. ಆ ಕೋಟೆ ಬಿದ್ದ ವರ್ಷ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಕೋಟೆಯೊಳಗಿದ್ದವರು ಏನಾದರು ಅಂತಲೂ ಗೊತ್ತು. ಮೂವತ್ತು ವರ್ಷ ಅದನ್ನೇ ಪಾಠ ಮಾಡಿದ್ದೀರಿ. ಆದರೂ ಕೇಳಿದ್ದೀರಿ.

ಹೇಳುವುದಿಲ್ಲ. ಮುಂದಿನ ಸಂಚಿಕೆ ಒಂದನೇ ತಾರೀಖಿಗೆ ಬರುತ್ತದೆ. ಈ ಸಲ ಮೊದಲು ನೀವು ಓದಿ, ಆಮೇಲೆ ಸೊಸೆಗೆ ಕೊಡಿ.