ಕೆರೆಯ ಜಮಾ-ಖರ್ಚು

ಓದುಗರ ಪತ್ರ: ತುಮಕೂರು ಕಡೆಯ ಸಣ್ಣ ಊರೊಂದರ ಹೈಸ್ಕೂಲ್ ಮೇಷ್ಟ್ರು ನಾನು. ಹೋದ ವರ್ಷ ನಮ್ಮೂರ ಕೆರೆಯನ್ನು ಅಭಿವೃದ್ಧಿ ಮಾಡಿದರು. ಜೆಸಿಬಿ ತಂದು ಜೊಂಡು ಪೂರ್ತಿ ಕಿತ್ತರು. ಸುತ್ತ ಕಲ್ಲು ಕಟ್ಟಿ, ವಾಕಿಂಗ್ ಪಾತ್ ಮಾಡಿ, ದೀಪ ಹಾಕಿದರು. ಈ ಬೇಸಿಗೆಗೆ ನೀರು ಹಸಿರು ಬಣ್ಣ ಕದಡಿದ ಹಾಗಾಗಿದೆ. ಒಂದು ದಿನ ಬೆಳಗ್ಗೆ ನೋಡಿದರೆ ಮೀನೆಲ್ಲ ಸತ್ತು ತೇಲುತ್ತಿದ್ದವು. ಹಕ್ಕಿಗಳೂ ಬರುತ್ತಿಲ್ಲ. ಈಗ ಪಾಚಿಗೆ ಔಷಧಿ ಹೊಡೆಸೋಣ ಅಂತಿದ್ದಾರೆ. ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ, ‘ಸಾರ್, ಪುಸ್ತಕದ ಆಹಾರ ಸರಪಳಿಯಲ್ಲಿ ನಮ್ಮ ಕೆರೆ ಎಲ್ಲಿದೆ?’ ಅಂತ ಕೇಳಿದ. ನಾನೇನು ಹೇಳಲಿ?

ಸಂಪಾದಕರ ಉತ್ತರ:

ಮೇಷ್ಟ್ರೇ, ಮೊದಲು ನನ್ನದೊಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಇಂಥದೇ ಒಂದು ಕೆರೆಯ ಫೋಟೋವನ್ನು ನಾವು ಒಮ್ಮೆ ‘ಮರುಜೀವ ಪಡೆದ ಕೆರೆ’ ಅಂತ ತಲೆಬರಹ ಕೊಟ್ಟು ಅಚ್ಚು ಹಾಕಿದ್ದೆವು. ಸಾಲಾಗಿ ಕಲ್ಲು, ಸಾಲಾಗಿ ದೀಪ, ನಡುವೆ ನೀರು. ಆ ಫೋಟೋದಲ್ಲಿ ಒಂದೂ ಹಕ್ಕಿ ಇರಲಿಲ್ಲ. ಅದು ನನ್ನ ಕಣ್ಣಿಗೆ ಬೀಳಲೇ ಇಲ್ಲ.

ಔಷಧಿ ಬೇಡ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ನಿಮ್ಮ ಮೀನು ಬೆಳಗ್ಗೆಯೇ ಯಾಕೆ ಸತ್ತವು ಅನ್ನುವುದರಿಂದ ಶುರು ಮಾಡೋಣ.

ಹಗಲು ಬಿಸಿಲಿನಲ್ಲಿ ಪಾಚಿ ಆಹಾರ ತಯಾರಿಸುತ್ತದೆ, ಆಮ್ಲಜನಕ ಬಿಡುತ್ತದೆ. ರಾತ್ರಿ ಆ ಕೆಲಸ ನಿಲ್ಲುತ್ತದೆ. ಉಸಿರಾಟ ಮಾತ್ರ ನಿಲ್ಲುವುದಿಲ್ಲ. ಪಾಚಿಯೂ ಉಸಿರಾಡುತ್ತದೆ, ಮೀನೂ ಉಸಿರಾಡುತ್ತದೆ, ತಳದಲ್ಲಿ ಕೊಳೆತದ್ದನ್ನು ತಿನ್ನುವ ಬ್ಯಾಕ್ಟೀರಿಯಾಗಳೂ ಉಸಿರಾಡುತ್ತವೆ. ಹೀಗೆ ರಾತ್ರಿಯಿಡೀ ಖರ್ಚಾಗಿ, ಸೂರ್ಯ ಹುಟ್ಟುವ ಹೊತ್ತಿಗೆ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ ಇರುತ್ತದೆ. ಹಿಂದಿನ ದಿನ ಮೋಡ ಇದ್ದರೆ ಇನ್ನೂ ಕಷ್ಟ. ಸಾಯುವ ಮೊದಲು ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿರುತ್ತವೆ. ‘ಯಾರೋ ವಿಷ ಹಾಕಿದರು’ ಅಂತ ಊರಲ್ಲಿ ಮಾತಾಗುತ್ತದೆ. ಯಾರೂ ಹಾಕಿರಲಿಕ್ಕಿಲ್ಲ. ಉಸಿರು ಕಟ್ಟಿದ್ದು, ಅಷ್ಟೇ.

ಈಗ ಔಷಧಿ ಹೊಡೆದರೆ ಏನಾಗುತ್ತದೆ ನೋಡಿ. ಸಾಮಾನ್ಯವಾಗಿ ಬಳಸುವುದು ಮೈಲುತುತ್ತ. ಅದು ಮೀನಿಗೂ ವಿಷವೇ. ಪಾಚಿ ಸಾಯುತ್ತದೆ, ಸರಿ. ಸತ್ತ ಪಾಚಿ ತಳಕ್ಕೆ ಹೋಗಿ ಕೊಳೆಯುತ್ತದೆ. ಕೊಳೆಸುವವರಿಗೆ ಮತ್ತಷ್ಟು ಆಮ್ಲಜನಕ ಬೇಕು. ಪಾಚಿಯೊಳಗಿದ್ದ ಗೊಬ್ಬರ ವಾಪಸ್ ನೀರಿಗೆ ಬರುತ್ತದೆ. ಮತ್ತೆ ಪಾಚಿ, ಮತ್ತೆ ಔಷಧಿಯ ಬಿಲ್ಲು.

ಇನ್ನು ನಿಮ್ಮ ಹುಡುಗನ ಪ್ರಶ್ನೆ. ಪುಸ್ತಕದ ಸರಪಳಿಯಲ್ಲಿ ಬಾಣದ ಗುರುತು ಇರುತ್ತದಲ್ವಾ? ಅದು ತಿನ್ನಿಸಿಕೊಳ್ಳುವವರಿಂದ ತಿನ್ನುವವರ ಕಡೆಗೆ ಹೋಗುತ್ತದೆ. ಅರ್ಧ ಕ್ಲಾಸು ಅದನ್ನು ಉಲ್ಟಾ ಹಾಕುತ್ತದೆ. ‘ಯಾರು ಯಾರ ಹೊಟ್ಟೆಗೆ ಹೋದರು’ ಅಂತ ಕೇಳಿದರೆ ಸರಿಹೋಗುತ್ತದೆ. ಕೆರೆಯಲ್ಲಾದರೆ ಪಾಚಿ ನೀರುಚಿಗಟ ಎಂಬ ಪುಟ್ಟ ಜೀವಿಯ ಹೊಟ್ಟೆಗೆ, ನೀರುಚಿಗಟ ಮರಿಮೀನಿಗೆ, ಮರಿಮೀನು ದೊಡ್ಡ ಮೀನಿಗೆ, ದೊಡ್ಡದು ನೀರುಕಾಗೆಗೋ ನಿಮ್ಮ ಸಾರಿಗೋ.

ಈ ದಾರಿಯಲ್ಲಿ ಎಷ್ಟು ಸೋರುತ್ತದೆ ಅಂತ ಲೆಕ್ಕ ಹಾಕಿದವನು ರೇಮಂಡ್ ಲಿಂಡ್‌ಮನ್ ಎಂಬ ಹುಡುಗ. ಹುಡುಗ ಅಂತಲೇ ಕರೆಯುತ್ತೇನೆ, ಸತ್ತಾಗ ಅವನಿಗೆ 26 ವರ್ಷ. ಅಮೆರಿಕದ ಮಿನ್ನೆಸೋಟದಲ್ಲಿ ಒಂದು ಸಣ್ಣ ಜೌಗು ಕೆರೆಯನ್ನು ಹಿಡಿದು, ಹೆಂಡತಿಯನ್ನೂ ಜೊತೆಗೆ ಕರೆದುಕೊಂಡು, ವರ್ಷಗಟ್ಟಲೆ ಅದರ ಕೆಸರು ಬಗೆದ. ಒಂದೊಂದು ಹಂತದಲ್ಲಿ ಎಷ್ಟು ಶಕ್ತಿ ಬಂತು, ಎಷ್ಟು ಹೋಯಿತು ಎಂದು ಬರೆದಿಟ್ಟ. ಮೊದಲು ಪರಿಶೀಲಿಸಿದ ಇಬ್ಬರು ಆ ಲೇಖನ ಬೇಡ ಅಂದಿದ್ದರು. 1942ರಲ್ಲಿ ಅದು ಅಚ್ಚಾಗುವ ಹೊತ್ತಿಗೆ ಅವನಿರಲಿಲ್ಲ. ‘ಇಕೋಸಿಸ್ಟಮ್’ ಎಂಬ ಪದಕ್ಕೆ ಆಗ ಬರೀ 7 ವರ್ಷ. ಇಂಗ್ಲೆಂಡಿನ ಸಸ್ಯವಿಜ್ಞಾನಿ ಟ್ಯಾನ್ಸ್‌ಲಿ 1935ರಲ್ಲಿ ಅದನ್ನು ಬಳಕೆಗೆ ತಂದಿದ್ದರು. ಜೀವಿಗಳು ಮಾತ್ರ ಸಾಲದು, ನೀರು, ಮಣ್ಣು, ಬಿಸಿಲು ಎಲ್ಲ ಸೇರಿಸಿಯೇ ಒಂದು ಘಟಕ ಅಂತ ನೋಡಬೇಕು ಅನ್ನುವುದು ಅವರ ಮಾತು.

ಅಲ್ಲಿಂದ ಬೆಳೆದ ಅಂದಾಜು ಲೆಕ್ಕ ಹೀಗಿದೆ. ಒಂದು ಹಂತದಿಂದ ಮುಂದಿನದಕ್ಕೆ ದಾಟುವುದು ಹೆಚ್ಚುಕಮ್ಮಿ ನೂರಕ್ಕೆ 10. ಸಾವಿರ ಕೆ.ಜಿ. ಪಾಚಿ ಇದ್ದರೆ ನೂರು ಕೆ.ಜಿ. ನೀರುಚಿಗಟ, ಹತ್ತು ಕೆ.ಜಿ. ಮರಿಮೀನು, ಒಂದು ಕೆ.ಜಿ. ದೊಡ್ಡ ಮೀನು. ಉಳಿದದ್ದು ಓಡಾಟಕ್ಕೆ, ಉಸಿರಿಗೆ, ಶಾಖವಾಗಿ ಖರ್ಚು. ಎಲ್ಲ ಕಡೆ ಕರಾರುವಾಕ್ಕಾಗಿ ಹತ್ತೇ ಅಂತಲ್ಲ, ಆದರೆ ಕ್ಲಾಸಿನಲ್ಲಿ ಹೇಳಲು ಸಾಕು.

ಖರ್ಚಾದ ಈ ಶಕ್ತಿ ವಾಪಸ್ ಬರುವುದಿಲ್ಲ. ದಿನಾ ಹೊಸ ಬಿಸಿಲು ಬೇಕು. ಆದರೆ ಗೊಬ್ಬರದಲ್ಲಿರುವ ರಂಜಕದಂಥ (ಫಾಸ್ಫರಸ್) ವಸ್ತು ಹಾಗಲ್ಲ, ಅದು ಎಲ್ಲೂ ಕರಗಿ ಹೋಗುವುದಿಲ್ಲ. ಪಾಚಿಯಿಂದ ಮೀನಿಗೆ, ಮೀನಿನಿಂದ ಕೆಸರಿಗೆ, ಕೆಸರಿನಿಂದ ಮತ್ತೆ ಪಾಚಿಗೆ ಸುತ್ತುತ್ತಲೇ ಇರುತ್ತದೆ. ಪುಸ್ತಕದ ಚಿತ್ರ ಹೇಳದೆ ಬಿಡುವುದು ಇದನ್ನೇ. ಕೆಳಗೆ ಕೆಸರಿನ ಕಡೆಗೆ ಇಳಿಯುವ ಬಾಣವೇ ಅದರಲ್ಲಿ ಇರುವುದಿಲ್ಲ.

ಕೆನಡಾದಲ್ಲಿ 1973ರಲ್ಲಿ ಡೇವಿಡ್ ಶಿಂಡ್ಲರ್ ಎಂಬ ವಿಜ್ಞಾನಿಯ ತಂಡದವರು ಒಂದು ಕೆರೆಯನ್ನು ನಡುವೆ ಪರದೆ ಕಟ್ಟಿ ಎರಡು ಭಾಗ ಮಾಡಿದರು. ಒಂದು ಕಡೆ ಇಂಗಾಲ, ಸಾರಜನಕ ಹಾಕಿದರು. ಇನ್ನೊಂದು ಕಡೆ ಅವೆರಡರ ಜೊತೆ ರಂಜಕ. ರಂಜಕ ಬಿದ್ದ ಕಡೆ ಮಾತ್ರ ನೀರು ಹಸಿರಾಯಿತು. ಮೇಲಿನಿಂದ ತೆಗೆದ ಆ ಫೋಟೋ ಯಾವ ಭಾಷಣಕ್ಕಿಂತ ಚೆನ್ನಾಗಿ ಮಾತಾಡುತ್ತದೆ.

ನಿಮ್ಮ ಕೆರೆಗೆ ರಂಜಕ ಎಲ್ಲಿಂದ ಬರುತ್ತದೆ ಅಂತ ನೀವು ಬರೆದಿಲ್ಲ. ಊರ ಚರಂಡಿ ಎಲ್ಲಿ ಸೇರುತ್ತದೆ, ಒಮ್ಮೆ ಕಾಲುವೆ ಹಿಡಿದು ನಡೆದು ನೋಡಿ. ಬಚ್ಚಲ ನೀರು, ಸೋಪಿನ ಪುಡಿ, ಕಕ್ಕಸಿನ ನೀರು, ಹೊಲದಿಂದ ಮಳೆಗೆ ಕೊಚ್ಚಿ ಬಂದ ಡಿಎಪಿ ಗೊಬ್ಬರ. ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ ನೊರೆ ರಸ್ತೆಗೆ ಹಾರಿದ್ದು, ಕೆರೆಗೇ ಬೆಂಕಿ ಹತ್ತಿದ್ದು ನೀವು ಓದಿರುತ್ತೀರಿ. ಅಲ್ಲೂ ಮೂಲ ಚರಂಡಿಯೇ.

ಹಳೇ ಕಾಲದಲ್ಲಿ ಕೆರೆಗೆ ಗೊಬ್ಬರ ಬರುತ್ತಿರಲಿಲ್ಲವೇ? ಬರುತ್ತಿತ್ತು. ದನ ಮೈ ತೊಳೆಯುತ್ತಿದ್ದದ್ದೇ ಅಲ್ಲಿ. ಆದರೆ ಆಗ ಜಮಾದ ಜೊತೆ ಖರ್ಚೂ ಇತ್ತು. ಬೇಸಿಗೆಯಲ್ಲಿ ನೀರು ಇಳಿದಾಗ ರೈತರು ಗಾಡಿ ಕಟ್ಟಿ ಹೂಳು ಹೊಲಕ್ಕೆ ಹೊಡೆಯುತ್ತಿದ್ದರು. ತೂಬಿನ ನೀರು ಅಚ್ಚುಕಟ್ಟಿಗೆ ಹೋಗುತ್ತಿತ್ತು. ಕೆರೆಯಂಗಳದ ಹುಲ್ಲು ದನಕ್ಕೆ, ಮೀನು ಊರಿಗೆ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಸುತ್ತಲ ಕೆರೆಗಳ ಮೀನು ತಿಂದು ಊರ ಮರದ ಮೇಲೆ ಕೂರುತ್ತವೆ. ಅವುಗಳ ಹಿಕ್ಕೆಯನ್ನು ಜನ ಗೊಬ್ಬರ ಮಾಡಿಕೊಂಡರು. ಕೆರೆಯ ರಂಜಕ ಹಕ್ಕಿಯ ಬೆನ್ನೇರಿ ಹೊಲಕ್ಕೆ ಹೋಯಿತು! ಗದಗದ ಮಾಗಡಿ ಕೆರೆಯಲ್ಲಿ ಇದು ಉಲ್ಟಾ. ಚಳಿಗಾಲಕ್ಕೆ ಮಂಗೋಲಿಯಾ ಕಡೆಯಿಂದ ಬರುವ ಪಟ್ಟೆತಲೆ ಹೆಬ್ಬಾತುಗಳು ಹೊಲದಲ್ಲಿ ಮೇಯ್ದು ಕೆರೆಯಲ್ಲಿ ಕೂರುತ್ತವೆ. ಕೆರೆಯ ಲೆಕ್ಕ ಏರಿಯ ಒಳಗೇ ಮುಗಿಯುವುದಿಲ್ಲ.

ನಿಮ್ಮ ಕೆರೆಯಲ್ಲಿ ಈಗ ಬರೀ ಜಮಾ. ಇದ್ದೊಂದು ಖರ್ಚಿನ ಬಾಬ್ತು ಜೊಂಡು, ಅದನ್ನೂ ಕಿತ್ತರು.

ಜೊಂಡಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ನಮ್ಮಲ್ಲಿ ಅದನ್ನು ಕಸ ಅಂತಲೇ ನೋಡುತ್ತಾರೆ. ಅದು ಬೇರಿನಿಂದ ರಂಜಕ ಹೀರುತ್ತದೆ. ಬರುವ ನೀರಿನ ರಭಸ ತಗ್ಗಿಸಿ ಹೂಳನ್ನು ಅಲ್ಲೇ ಕೂರಿಸುತ್ತದೆ. ಜಂಬುಕೋಳಿ, ಹುಂಡುಕೋಳಿ ಅದರೊಳಗೆ ಗೂಡು ಮಾಡುತ್ತವೆ. ನೀರಿನಡಿ ಬೆಳೆಯುವ ಏರೋಪ್ಲೇನ್ ಚಿಟ್ಟೆಯ ಮರಿ ಸೊಳ್ಳೆಮರಿ ತಿಂದು ದೊಡ್ಡದಾಗಿ, ಜೊಂಡಿನ ಕಡ್ಡಿ ಹಿಡಿದು ಮೇಲೆ ಬಂದು ರೆಕ್ಕೆ ಬಿಡಿಸುತ್ತದೆ. ಸಾಮಾನ್ಯ ಗೆಂಡೆ ಮೀನು ಮೊಟ್ಟೆ ಅಂಟಿಸುವುದೂ ನೀರಿನ ಗಿಡಗಳಿಗೇ. ಕೊಕ್ಕರೆಗೆ ಮೊಣಕಾಲುದ್ದ ನೀರು ಬೇಕು, ಉಲ್ಲಂಕಿಗೆ ಬೆರಳುದ್ದ ಸಾಕು. ನೇರವಾಗಿ ಇಳಿಯುವ ಕಲ್ಲುಕಟ್ಟಡದಲ್ಲಿ ಈ ಎರಡೂ ಇಲ್ಲ. ನಿಂತರೆ ದಂಡೆ, ಇಳಿದರೆ ಆಳ. ನಿಮ್ಮ ಹಕ್ಕಿಗಳು ಎಲ್ಲಿ ಹೋದವು ಅಂದರೆ, ನಿಲ್ಲಲು ಜಾಗ ಇರುವ ಕಡೆ.

ಹಾಗಂತ ಜೊಂಡು ಬಿಟ್ಟರೆ ಮುಗಿಯಿತು ಅಂತಲ್ಲ. ಸುಮ್ನೆ ಬಿಟ್ಟರೆ ಅದು ಕೆರೆಯನ್ನೇ ತುಂಬಿಬಿಡುತ್ತದೆ. ಅಲ್ಲೇ ಒಣಗಿ ಕೊಳೆತರೆ ಹೀರಿದ್ದನ್ನೆಲ್ಲ ವಾಪಸ್ ಕೊಡುತ್ತದೆ. ಆಗಾಗ ಭಾಗ ಭಾಗವಾಗಿ ಕೊಯ್ದು ಹೊರಗೆ ಸಾಗಿಸಬೇಕು. ಒಮ್ಮೆಗೇ ಎಲ್ಲ ಅಲ್ಲ, ಗೂಡಿನ ಕಾಲದಲ್ಲಿ ಅಲ್ಲವೇ ಅಲ್ಲ. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಶುದ್ಧೀಕರಿಸಿದ ಚರಂಡಿ ನೀರನ್ನು ಜೊಂಡು ಬೆಳೆದ ಜೌಗಿನ ಮೂಲಕ ಹಾಯಿಸಿ ಆಮೇಲೆ ಕೆರೆಗೆ ಬಿಡುತ್ತಾರೆ. ಸಾಧ್ಯವಾದರೆ ಒಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿ.

ಕಟ್ಟಿದ ಕಲ್ಲನ್ನೆಲ್ಲ ಕೀಳಿಸಿ ಅಂತ ನಾನು ಹೇಳುವುದಿಲ್ಲ. ಯಾರೂ ಕೇಳುವುದಿಲ್ಲ ಬಿಡಿ. ಚರಂಡಿ ಸೇರುವ ಮೂಲೆಯಲ್ಲಿ ಮಾತ್ರ ಕಲ್ಲು ಬಿಚ್ಚಿ, ಇಳಿಜಾರು ಮಣ್ಣಿನ ದಂಡೆ ಮಾಡಿ, ಜೊಂಡಿಗೆ ಬಿಡಿ ಅಂತ ಪಂಚಾಯ್ತಿಯಲ್ಲಿ ಕೇಳಿ. ಚರಂಡಿ ತಿರುಗಿಸಲು ಆದರೆ ಅದಕ್ಕಿಂತ ದೊಡ್ಡ ಕೆಲಸ ಇಲ್ಲ. ಆದರೂ ನೀರು ಮರುವರ್ಷವೇ ತಿಳಿಯಾಗುತ್ತದೆ ಅಂತ ಮಾತು ಕೊಡಬೇಡಿ. ತಳದ ಕೆಸರಿನಲ್ಲಿ ಹಳೇ ರಂಜಕ ಕೂತಿದೆ. ಕೆಳಗೆ ಆಮ್ಲಜನಕ ತೀರಿದಾಗಲೆಲ್ಲ ಅದು ಮೇಲೆ ಬರುತ್ತದೆ.

ಆ ಹುಡುಗನಿಗೆ ಒಂದು ಕೆಲಸ ಕೊಡಿ. ಊಟದ ತಟ್ಟೆಗಿಂತ ಸ್ವಲ್ಪ ಚಿಕ್ಕದಾದ ಸ್ಟೀಲ್ ತಟ್ಟೆಗೆ ಬಿಳಿ ಬಣ್ಣ ಬಳಿದು, ಭಾರ ಕಟ್ಟಿ, ಗೇಣಿಗೊಂದು ಗಂಟು ಹಾಕಿದ ಹಗ್ಗದಲ್ಲಿ ಇಳಿಸಲಿ. ಎಷ್ಟನೇ ಗಂಟಿಗೆ ತಟ್ಟೆ ಕಾಣದಾಗುತ್ತದೆ ಅಂತ ವಾರಕ್ಕೊಮ್ಮೆ ಬರೆದಿಡಲಿ. ಸೆಕ್ಕಿ ಎಂಬ ಇಟಲಿಯ ಪಾದ್ರಿ 1865ರಲ್ಲಿ ಸಮುದ್ರದಲ್ಲಿ ಮಾಡಿದ್ದೂ ಇದನ್ನೇ, ಇವತ್ತಿಗೂ ವಿಜ್ಞಾನಿಗಳು ಮಾಡುತ್ತಾರೆ. ಒಂದು ವರ್ಷದ ಲೆಕ್ಕ ನನಗೆ ಕಳಿಸಿದರೆ ಆ ಹುಡುಗನ ಹೆಸರಿನಲ್ಲೇ ಅಚ್ಚು ಹಾಕುತ್ತೇನೆ. ನಮ್ಮ ಆ ಹಳೇ ಫೋಟೋದ ಋಣವೂ ತೀರಲಿ.

ಬಿಸಿಲು ನೆತ್ತಿಯ ಮೇಲಿರುವಾಗ ಅಳೆಯಿರಿ. ಈಜು ಬರುವ ದೊಡ್ಡವರೊಬ್ಬರು ಜೊತೆಗಿರಲಿ. ಆ ಕಲ್ಲುಕಟ್ಟಡಕ್ಕೆ ಈಗ ಪಾಚಿ ಹಿಡಿದಿರುತ್ತದೆ, ತುಂಬಾ ಜಾರುತ್ತದೆ.